ಬಳಸಿದ ನೀರಿನ ಬೆಲೆ

ನೀರು ಒಮ್ಮೆ ಬಳಸಿದೊಡನೆ ನಾಶವಾಗುವ ವಸ್ತುವಲ್ಲ. ನಗರದ ಮನೆಗಳಿಗೆ ಬಂದ ನೀರಿನ ಬಹುಭಾಗ ಕೊಳೆಯನ್ನು ಹೊತ್ತು ಚರಂಡಿಯ ಮೂಲಕ ಹೊರಬೀಳುತ್ತದೆ. ಆ ಕೊಳೆಯನ್ನು ಬೇರ್ಪಡಿಸಿದರೆ ನೀರು ಮತ್ತೆ ನೀರೇ. ಅದಕ್ಕೆ ತಗಲುವ ವೆಚ್ಚ ಲಾಭಕ್ಕೆ ತಕ್ಕುದೇ ಎಂಬುದು ಪ್ರಶ್ನೆ.

ಬೆಂಗಳೂರನ್ನೇ ತೆಗೆದುಕೊಳ್ಳೋಣ. ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ, 500 ಮೀಟರಿನಷ್ಟು ಮೇಲೇರಿ ಈ ನಗರಕ್ಕೆ ಬರಬೇಕು. ಸಾವಿರ ಲೀಟರು ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು ಗುರುತ್ವದ ವಿರುದ್ಧ ಮಾಡಬೇಕಾದ ಕೆಲಸ 49 ಲಕ್ಷ ಜೌಲು, ಎಂದರೆ 1.36 ಯೂನಿಟ್ ವಿದ್ಯುತ್ತು. ಪಂಪುಗಳಲ್ಲಿ ಆಗುವ ನಷ್ಟವನ್ನೂ ಕೊಳವೆಯ ಘರ್ಷಣೆಯನ್ನೂ ಕೂಡಿಸಿದರೆ ಇದು 2 ಯೂನಿಟ್ಟಿಗೆ ಸಮೀಪವಾದೀತು. ಅಷ್ಟೇ ಕೊಳೆನೀರಿಗೆ ಗಾಳಿಯೂದಿ, ಸೂಕ್ಷ್ಮಜೀವಿಗಳಿಂದ ಕೊಳೆಯನ್ನು ತಿನ್ನಿಸುವ ಎರಡನೆಯ ಹಂತದ ಶುದ್ಧೀಕರಣಕ್ಕೆ ಸಾಮಾನ್ಯವಾಗಿ ಅರ್ಧ ಯೂನಿಟ್ಟಿನ ಆಸುಪಾಸು ಸಾಕು. ಕೆರೆಗಳು ಕೆಡದಿರಬೇಕಾದರೆ ಇದನ್ನು ಹೇಗೂ ಮಾಡಲೇಬೇಕು. ಆದುದರಿಂದ ಮರುಬಳಕೆಯ ಲೆಕ್ಕಕ್ಕೆ ಬರೆಯಬೇಕಾದುದು ಅದಕ್ಕೆ ಮೇಲ್ಪಟ್ಟ ವೆಚ್ಚವನ್ನು ಮಾತ್ರ: ಮುಂದಿನ ಶೋಧನೆ, ಬೇರೆಯ ಕೊಳವೆ, ಸಾಗಣೆ.

ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರ ಜೂನ್ ತಿಂಗಳಲ್ಲಿ ಕೋಲಾರ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಯನ್ನು ಸೇರಿತು. ಸುಮಾರು 1,300 ಕೋಟಿ ರೂಪಾಯಿಗಳ ಈ ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರಿನಿಂದ ನೂರಕ್ಕೂ ಮಿಕ್ಕ ಕೆರೆಗಳನ್ನು ತುಂಬುವುದು. ಬಡ್ಡಿ, ಸವಕಳಿಗಳಿಗಾಗಿ ವರ್ಷಕ್ಕೆ ನೂರಕ್ಕೆ ಹತ್ತರಂತೆ ಹಿಡಿದರೆ, ಪೂರ್ಣ ಪ್ರಮಾಣದಲ್ಲಿ ಹರಿದಾಗ ಸಾವಿರ ಲೀಟರಿಗೆ ಬೀಳುವ ಬಂಡವಾಳದ ವೆಚ್ಚ ಸುಮಾರು 8 ರೂಪಾಯಿ. ಅರ್ಧವೇ ಹರಿದರೆ 16. ವಿದ್ಯುತ್ತಿನ ಖರ್ಚು ಬೇರೆ.

ಇನ್ನು ಲಾಭ. ಕೆರೆಯ ನೀರು ಇಂಗಿ ಅಂತರ್ಜಲ 100 ಮೀಟರು ಮೇಲೆ ಬಂದರೆ, ಕೊಳವೆಬಾವಿಯಿಂದ ಎತ್ತುವ ಪ್ರತಿ ಸಾವಿರ ಲೀಟರಿಗೆ ಕಡಿಮೆಯೆಂದರೂ ಕಾಲು ಯೂನಿಟ್ಟು ಉಳಿಯುತ್ತದೆ. ರೈತನಿಗೆ ಇದಕ್ಕಿಂತ ದೊಡ್ಡದು, ಬಾವಿ ಬತ್ತಿದಾಗಲೆಲ್ಲ ಸಾಲ ಮಾಡಿ ಮತ್ತೊಂದನ್ನು ಕೊರೆಸುವುದು ತಪ್ಪುವ ಉಳಿತಾಯ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಎರಡನೆಯ ಹಂತದ ಶುದ್ಧೀಕರಣ ಕರಗಿದ ಲವಣಗಳನ್ನು ತೆಗೆಯುವುದಿಲ್ಲ; ನೈಟ್ರೇಟು, ಭಾರಲೋಹಗಳನ್ನೂ ಪೂರ್ಣವಾಗಿ ತೆಗೆಯುವುದಿಲ್ಲ. 2018ರ ಜುಲೈಯಲ್ಲಿ ಅದೇ ಕೆರೆಯಲ್ಲಿ ನೊರೆ ಕಾಣಿಸಿಕೊಂಡು, ವಿಷಯ ಉಚ್ಚ ನ್ಯಾಯಾಲಯವನ್ನು ಮುಟ್ಟಿತು. ಅಂತರ್ಜಲ ಒಮ್ಮೆ ಕೆಟ್ಟರೆ ಅದನ್ನು ತಿಳಿಗೊಳಿಸುವುದು ಅತಿಕಷ್ಟ. ಕೊಳೆ ನಗರದ್ದು, ಅಪಾಯವೆಲ್ಲ ಆ ಬಾವಿಯ ನೀರನ್ನು ಕುಡಿಯುವ ಹಳ್ಳಿಯದು. ಆದುದರಿಂದ ಮೂರನೆಯ ಹಂತದ ಶುದ್ಧೀಕರಣವೂ ಹಳ್ಳಿಯ ಬಾವಿಗಳ ನಿಯತ ಪರೀಕ್ಷೆಯೂ ನಗರದ ಖರ್ಚಿನ ಬಾಬಿಗೆ ಸೇರಬೇಕು. ಅವನ್ನು ಕೂಡಿಸಿದ ಮೇಲೆ ಉಳಿಯುವ ಲಾಭವೇ ನಿಜವಾದ ಲಾಭ.