ಗೋಲಿಬಾರ್, ಎನ್‌ಕೌಂಟರ್ ಮತ್ತು ಕಾನೂನು: ನಿರಾಯುಧರ ಮೇಲೆ ಪೊಲೀಸರು ಗುಂಡು ಹಾರಿಸಬಹುದೇ?

ಪೊಲೀಸರ ಗುಂಡಿಗೆ ಯಾರಾದರೂ ಬಲಿಯಾದ ಸುದ್ದಿ ಬಂದಾಗಲೆಲ್ಲ ನಮ್ಮ ನಡುವೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಸತ್ತವನು ಘೋರ ಕೃತ್ಯದ ಆರೋಪಿಯಾಗಿದ್ದರೆ, "ಒಳ್ಳೆಯದೇ ಆಯಿತು, ಕೋರ್ಟಿಗೆ ಹೋಗಿದ್ದರೆ ಹತ್ತು ವರ್ಷ ಎಳೆಯುತ್ತಿತ್ತು" ಎನ್ನುತ್ತೇವೆ. ಸತ್ತವರು ನಮ್ಮಂತೆಯೇ ಒಂದು ಬೇಡಿಕೆ ಹಿಡಿದು ಬೀದಿಗಿಳಿದವರಾಗಿದ್ದರೆ, "ಇದು ಘೋರ ಅನ್ಯಾಯ" ಎನ್ನುತ್ತೇವೆ. ಕಾನೂನು ಮಾತ್ರ ಈ ಎರಡೂ ಸಂದರ್ಭಗಳಲ್ಲಿ ಕೇಳುವ ಮೂಲ ಪ್ರಶ್ನೆ ಒಂದೇ: ಗುಂಡು ಹಾರಿಸಿದ ಆ ಕ್ಷಣದಲ್ಲಿ ಯಾರದಾದರೂ ಪ್ರಾಣಕ್ಕೆ ಅಪಾಯವಿತ್ತೇ, ಆ ಅಪಾಯ ತಪ್ಪಿಸಲು ಬೇರೆ ದಾರಿ ಇರಲಿಲ್ಲವೇ?

ಸತ್ತವನು ಎಂಥವನು ಎಂಬುದು ಆ ಪ್ರಶ್ನೆಗೆ ಉತ್ತರವಲ್ಲ. ಈ ಒಂದು ಅಂಶವನ್ನು ನಾವು ಸರಿಯಾಗಿ ತಿಳಿದುಕೊಂಡರೆ ಚರ್ಚೆಯ ಅರ್ಧದಷ್ಟು ಗೊಂದಲ ಪರಿಹಾರವಾಗುತ್ತದೆ.

ತೂತ್ತುಕುಡಿ: ಬೀದಿಗಿಳಿದ ಜನರ ಮೇಲೆ ಗುಂಡು

ತಮಿಳುನಾಡಿನ ಕರಾವಳಿ ಪಟ್ಟಣ ತೂತ್ತುಕುಡಿಯಲ್ಲಿ ಸ್ಟರ್ಲೈಟ್ ತಾಮ್ರ ಸಂಸ್ಕರಣಾ ಘಟಕದ ವಿರುದ್ಧ ಜನ ಬಹುಕಾಲದಿಂದ ಹೋರಾಡುತ್ತಿದ್ದರು. 2018ರ ಮೇ 22, ಆ ವರ್ಷದ ಚಳವಳಿಯ ನೂರನೆಯ ದಿನ. ಮೀನುಗಾರ ಕುಟುಂಬಗಳೂ ಸೇರಿದಂತೆ ಸಾವಿರಾರು ಮಂದಿ ನಿಷೇಧಾಜ್ಞೆಯ ನಡುವೆಯೂ ಜಿಲ್ಲಾಧಿಕಾರಿ ಕಚೇರಿಯತ್ತ ಮೆರವಣಿಗೆ ಹೊರಟರು. ಕಲ್ಲು ತೂರಾಟ, ವಾಹನಗಳಿಗೆ ಬೆಂಕಿ ಮುಂತಾದ ಘಟನೆಗಳೂ ನಡೆದವು. ಪೊಲೀಸರ ಗೋಲಿಬಾರಿನಲ್ಲಿ ಒಟ್ಟು 13 ಮಂದಿ ಪ್ರಾಣ ಕಳೆದುಕೊಂಡರು.

ಮದ್ರಾಸ್ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಅರುಣಾ ಜಗದೀಶನ್ ಅವರ ವಿಚಾರಣಾ ಆಯೋಗದ ವರದಿ 2022ರ ಅಕ್ಟೋಬರಿನಲ್ಲಿ ತಮಿಳುನಾಡು ವಿಧಾನಸಭೆಯಲ್ಲಿ ಮಂಡನೆಯಾಯಿತು. ಗುಂಡು ಹಾರಿಸುವಂಥ ಪ್ರಚೋದನೆ ಇರಲಿಲ್ಲ, ಓಡಿಹೋಗುತ್ತಿದ್ದವರ ಮೇಲೂ ಗುಂಡು ಹಾರಿಸಲಾಗಿದೆ ಎಂದು ಆಯೋಗ ಹೇಳಿತು. 17 ಮಂದಿ ಪೊಲೀಸರ ಮೇಲೆ ಹಾಗೂ ಅಂದಿನ ಜಿಲ್ಲಾಧಿಕಾರಿಯ ಮೇಲೆ ಕ್ರಮ ಕೈಗೊಳ್ಳಲು ಶಿಫಾರಸು ಮಾಡಿತು. ಕಲ್ಲು ತೂರಿದವರು ಇದ್ದರೇ ಎಂಬುದಷ್ಟೇ ಆಯೋಗದ ಪ್ರಶ್ನೆಯಾಗಿರಲಿಲ್ಲ. ಬೆನ್ನು ತಿರುಗಿಸಿ ಓಡುತ್ತಿರುವವನಿಂದ ಯಾರ ಪ್ರಾಣಕ್ಕೆ ಏನು ಅಪಾಯ ಎಂಬುದೂ ಪ್ರಶ್ನೆಯಾಗಿತ್ತು.

ಹೈದರಾಬಾದ್: ವಶದಲ್ಲಿದ್ದ ಆರೋಪಿಗಳ ಸಾವು

ಎರಡನೆಯ ಘಟನೆ ಇದಕ್ಕೆ ತದ್ವಿರುದ್ಧವಾಗಿ ಕಾಣುತ್ತದೆ. 2019ರ ನವೆಂಬರ್ 27ರಂದು ಹೈದರಾಬಾದಿನ ಹೊರವಲಯದಲ್ಲಿ ಯುವ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರ ಎಸಗಿ ಕೊಲ್ಲಲಾಯಿತು. ಇಡೀ ದೇಶ ಕಣ್ಣೀರಿಟ್ಟಿತು, ಕೋಪದಿಂದ ಕುದಿಯಿತು. ಡಿಸೆಂಬರ್ 6ರ ಮುಂಜಾನೆ, ಬಂಧನದಲ್ಲಿದ್ದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಬಲಿಯಾದರು. ಸಾಕ್ಷ್ಯ ಸಂಗ್ರಹಕ್ಕಾಗಿ ಸ್ಥಳಕ್ಕೆ ಕರೆದೊಯ್ದಾಗ ಅವರು ಪೊಲೀಸರ ಪಿಸ್ತೂಲು ಕಿತ್ತುಕೊಂಡು ಗುಂಡು ಹಾರಿಸಿದರು ಎಂಬುದು ಪೊಲೀಸರ ಹೇಳಿಕೆ. ಜನ ಪೊಲೀಸರ ಮೇಲೆ ಹೂವು ಚೆಲ್ಲಿದರು, ಸಿಹಿ ಹಂಚಿದರು. ಅಂದಿನ ಸೈಬರಾಬಾದ್ ಪೊಲೀಸ್ ಆಯುಕ್ತರು ಹುಬ್ಬಳ್ಳಿ ಮೂಲದವರಾದ್ದರಿಂದ ನಮ್ಮ ರಾಜ್ಯದಲ್ಲೂ ಅಭಿನಂದನೆಯ ಸುರಿಮಳೆಯಾಯಿತು.

ಮರುದಿನವೇ ಅಂದಿನ ಮುಖ್ಯ ನ್ಯಾಯಮೂರ್ತಿ ಎಸ್.ಎ. ಬೊಬ್ಡೆಯವರು, ನ್ಯಾಯ ಎಂದಿಗೂ ದಿಢೀರನೆ ಆಗುವಂಥದ್ದಲ್ಲ, ಅದು ಸೇಡಾದರೆ ನ್ಯಾಯದ ಗುಣವನ್ನೇ ಕಳೆದುಕೊಳ್ಳುತ್ತದೆ ಎಂಬರ್ಥದ ಮಾತನ್ನಾಡಿದರು. ಕೆಲವೇ ದಿನಗಳಲ್ಲಿ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ನೇತೃತ್ವದಲ್ಲಿ ಮೂವರ ಆಯೋಗವನ್ನು ನೇಮಿಸಿತು. 2022ರ ಮೇ ತಿಂಗಳಲ್ಲಿ ಬಹಿರಂಗವಾದ ಅದರ ವರದಿಯ ಪ್ರಕಾರ ಪಿಸ್ತೂಲು ಕಿತ್ತುಕೊಂಡ ಕಥೆ ನಂಬಲರ್ಹವಲ್ಲ. ಸಾಯಿಸುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಎಂದ ಆಯೋಗ, 10 ಮಂದಿ ಪೊಲೀಸರನ್ನು ಕೊಲೆ ಆರೋಪದ ಮೇಲೆ ವಿಚಾರಣೆಗೆ ಒಳಪಡಿಸಬೇಕು ಎಂದಿತು. ಸುಪ್ರೀಂ ಕೋರ್ಟು ಮುಂದಿನ ವಿಚಾರಣೆಯನ್ನು ತೆಲಂಗಾಣ ಹೈಕೋರ್ಟಿಗೆ ಒಪ್ಪಿಸಿತು.

ಸತ್ತ ನಾಲ್ವರಲ್ಲಿ ಮೂವರು ಘಟನೆಯ ವೇಳೆ ಅಪ್ರಾಪ್ತ ವಯಸ್ಸಿನವರು ಎಂಬ ತೀರ್ಮಾನವೂ ಅದೇ ವರದಿಯಲ್ಲಿದೆ. ಈ ಅಂಶ ಹೊರಬರುವ ಹೊತ್ತಿಗೆ ಅವರನ್ನು ವಿಚಾರಿಸಲು ಅವರೇ ಇರಲಿಲ್ಲ. ನಾಲ್ವರಲ್ಲಿ ಯಾರ ಪಾತ್ರ ಎಷ್ಟು, ಪೊಲೀಸರ ಬಳಿಯಿದ್ದ ಸಾಕ್ಷ್ಯ ಎಷ್ಟು ಗಟ್ಟಿ ಎಂಬುದು ಯಾವ ನ್ಯಾಯಾಲಯದಲ್ಲೂ ಪರೀಕ್ಷೆಗೆ ಒಳಗಾಗಲಿಲ್ಲ. ಮಗಳನ್ನು ಕಳೆದುಕೊಂಡ ಹೆತ್ತವರಿಗೂ ನ್ಯಾಯಾಲಯದ ತೀರ್ಪು ಎಂಬುದು ಸಿಗಲಿಲ್ಲ.

ನಮ್ಮ ರಾಜ್ಯದಲ್ಲಿ

ಇದೇ ಬಗೆಯ ಚರ್ಚೆ ನಮ್ಮ ಮನೆ ಬಾಗಿಲಿಗೂ ಬಂದಿದೆ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಯ ವೇಳೆ ನಡೆದ ಗೋಲಿಬಾರಿನಲ್ಲಿ ಇಬ್ಬರು ಮೃತಪಟ್ಟರು. ಸರಕಾರ ಉಡುಪಿ ಜಿಲ್ಲಾಧಿಕಾರಿಯವರಿಗೆ ವಿಚಾರಣೆಯ ಹೊಣೆ ವಹಿಸಿತು. 2025ರ ಏಪ್ರಿಲ್ 13, ಗರಿಗಳ ಭಾನುವಾರದಂದು, ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವಿನ ಕೊಲೆಯಾಯಿತು. ಅದೇ ದಿನ ಆರೋಪಿಯು ಪೊಲೀಸರ ಗುಂಡಿಗೆ ಬಲಿಯಾದ. ಕಲ್ಲೆಸೆದು ಓಡಲು ಯತ್ನಿಸಿದ ಎಂದು ಪೊಲೀಸರು ಹೇಳಿದರು. ತನಿಖೆ ಸಿಐಡಿಗೆ ಹೋಯಿತು, ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು.

ಕರಾವಳಿಯ ಕ್ರೈಸ್ತರಿಗೆ ಪೊಲೀಸ್ ಬಲಪ್ರಯೋಗವೆಂದರೆ ಕೇವಲ ಪತ್ರಿಕೆಯ ಸುದ್ದಿಯಲ್ಲ. 2008ರ ಸೆಪ್ಟೆಂಬರಿನಲ್ಲಿ ಪ್ರಾರ್ಥನಾ ಮಂದಿರಗಳ ಮೇಲಿನ ದಾಳಿಯನ್ನು ಖಂಡಿಸಿ ಸೇರಿದ್ದ ನಮ್ಮ ಜನರ ಮೇಲೆ ಲಾಠಿ ಪ್ರಹಾರ ನಡೆದದ್ದು, ಅಶ್ರುವಾಯು ಸಿಡಿಸಿದ್ದು ಅನೇಕರ ನೆನಪಿನಲ್ಲಿದೆ. ಅಂದು ನಾವು ಕೇಳಿದ ಪ್ರಶ್ನೆಯನ್ನು ಇನ್ನೊಬ್ಬರ ವಿಷಯದಲ್ಲೂ ಕೇಳುವುದು ನ್ಯಾಯ.

ಕಾನೂನು ಎಷ್ಟು ಅಧಿಕಾರ ಕೊಡುತ್ತದೆ?

ಪೊಲೀಸರಿಗೆ 'ಎನ್‌ಕೌಂಟರ್ ಮಾಡುವ' ಪ್ರತ್ಯೇಕ ಅಧಿಕಾರವೆಂಬುದು ನಮ್ಮ ದೇಶದ ಕಾನೂನಿನಲ್ಲಿ ಇಲ್ಲ. ಇರುವುದು ಮುಖ್ಯವಾಗಿ ಮೂರು ಅವಕಾಶಗಳು.

ಮೊದಲನೆಯದು ಆತ್ಮರಕ್ಷಣೆ. ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಲು ಎದುರಾಳಿಯ ಪ್ರಾಣ ಹೋಗುವಷ್ಟು ಬಲ ಬಳಸುವ ಹಕ್ಕು ಕೆಲವು ಸಂದರ್ಭಗಳಲ್ಲಿ ಪ್ರತಿಯೊಬ್ಬ ನಾಗರಿಕನಿಗೂ ಇದೆ, ಪೊಲೀಸರಿಗೂ ಇದೆ. ಹಿಂದೆ ಭಾರತೀಯ ದಂಡ ಸಂಹಿತೆಯಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಆದರೆ ರಕ್ಷಣೆಗೆ ಎಷ್ಟು ಅಗತ್ಯವೋ ಅದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂಬ ಗೆರೆಯನ್ನು ಕಾನೂನೇ ಎಳೆದಿದೆ.

ಎರಡನೆಯದು ಬಂಧನ. ಬಂಧನವನ್ನು ಬಲವಂತವಾಗಿ ತಡೆಯುವವನ ಮೇಲೆ ಅಗತ್ಯವಿರುವ ಬಲ ಬಳಸಬಹುದು. ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗಬಹುದಾದ ಅಪರಾಧದ ಆರೋಪವಿಲ್ಲದ ವ್ಯಕ್ತಿಯ ಸಾವಿಗೆ ಕಾರಣವಾಗುವ ಹಕ್ಕು ಇದರಿಂದ ಬರುವುದಿಲ್ಲ ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ ಹೇಳುತ್ತದೆ. ಸರಗಳ್ಳನೊಬ್ಬ ಓಡಿದ ಮಾತ್ರಕ್ಕೆ ಅವನ ಪ್ರಾಣ ತೆಗೆಯುವಂತಿಲ್ಲ. ಹಾಗಾದರೆ ಕೊಲೆ ಆರೋಪಿಯನ್ನು ಕೊಲ್ಲಬಹುದೇ? ಅದೂ ಅಲ್ಲ. ಒಬ್ಬನು ಅಪರಾಧಿ ಎಂಬ ಒಂದೇ ಕಾರಣಕ್ಕೆ ಅವನನ್ನು ಕೊಲ್ಲುವುದು ಪೊಲೀಸರ ಕರ್ತವ್ಯವಲ್ಲ, ಹಿಡಿದು ನ್ಯಾಯಾಲಯದ ಮುಂದೆ ನಿಲ್ಲಿಸುವುದೇ ಅವರ ಕೆಲಸ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಜಾರ್ಖಂಡಿನ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿದೆ.

ಮೂರನೆಯದು ಕಾನೂನುಬಾಹಿರ ಗುಂಪನ್ನು ಚದುರಿಸುವುದು. ಅದೇ ಸಂಹಿತೆಯ 148ನೇ ಕಲಮಿನ ಪ್ರಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಅಥವಾ ಠಾಣಾಧಿಕಾರಿ ಮೊದಲು ಚದುರಲು ಆದೇಶಿಸಬೇಕು. ಜನ ಚದುರದಿದ್ದರೆ ಮಾತ್ರ ಬಲಪ್ರಯೋಗ. ಸೇನೆಯನ್ನು ಕರೆಸಿದರೂ ಆದಷ್ಟು ಕಡಿಮೆ ಬಲ, ಆದಷ್ಟು ಕಡಿಮೆ ಹಾನಿ ಎಂಬುದೇ ನಿಯಮ. ಎಚ್ಚರಿಕೆ, ಜಲಫಿರಂಗಿ, ಅಶ್ರುವಾಯು, ಲಾಠಿ ಇವೆಲ್ಲ ಇರುವುದು ಗುಂಡಿನವರೆಗೆ ಹೋಗದಿರಲಿ ಎಂಬ ಕಾರಣಕ್ಕೆ. ನಿಷೇಧಾಜ್ಞೆ ಮುರಿಯುವುದು ತಪ್ಪೇ ಇರಬಹುದು, ಆದರೆ ಅದಕ್ಕೆ ಶಿಕ್ಷೆ ಮರಣವಲ್ಲ.

ಸಾವಿನ ನಂತರ ಏನಾಗಬೇಕು?

ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದಾಗ, 1997ರ ಮಾರ್ಚಿನಲ್ಲಿ ಎಲ್ಲ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಎನ್‌ಕೌಂಟರ್ ಸಾವುಗಳನ್ನು ಸ್ವತಂತ್ರವಾಗಿ ತನಿಖೆ ಮಾಡಬೇಕೆಂಬುದು ಅದರ ಸಾರ. ಇದೇ ದಾರಿಯಲ್ಲಿ ಮುಂದುವರಿದ ಸುಪ್ರೀಂ ಕೋರ್ಟು, ಪಿಯುಸಿಎಲ್ ಸಂಸ್ಥೆ ಮಹಾರಾಷ್ಟ್ರ ಸರಕಾರದ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ 2014ರ ಸೆಪ್ಟೆಂಬರ್ 23ರಂದು 16 ಅಂಶಗಳ ಮಾರ್ಗಸೂಚಿ ನೀಡಿತು. ಅದರ ಮುಖ್ಯ ಅಂಶಗಳು ಹೀಗಿವೆ:

• ಸಾವು ಸಂಭವಿಸಿದರೆ ಎಫ್‌ಐಆರ್ ದಾಖಲಿಸಿ ವಿಳಂಬವಿಲ್ಲದೆ ನ್ಯಾಯಾಲಯಕ್ಕೆ ಕಳುಹಿಸಬೇಕು.
• ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯ ಪೊಲೀಸರು ನಡೆಸಬೇಕು. ಮೇಲ್ವಿಚಾರಣೆ ನೋಡುವ ಅಧಿಕಾರಿ, ಎನ್‌ಕೌಂಟರ್ ತಂಡದ ಮುಖ್ಯಸ್ಥನಿಗಿಂತ ಮೇಲಿನ ದರ್ಜೆಯವರಾಗಿರಬೇಕು.
• ಗಾಯಾಳುವಿಗೆ ಚಿಕಿತ್ಸೆ ಕೊಡಿಸಿ, ಅವನ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ಅಥವಾ ವೈದ್ಯರು ದಾಖಲಿಸಬೇಕು.
• ಮರಣೋತ್ತರ ಪರೀಕ್ಷೆಯನ್ನು ಇಬ್ಬರು ವೈದ್ಯರು ನಡೆಸಬೇಕು, ಅದರ ವೀಡಿಯೋ ಚಿತ್ರೀಕರಣವಾಗಬೇಕು.
• ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. ಮೃತರ ಕುಟುಂಬಕ್ಕೆ ಆದಷ್ಟು ಬೇಗ ವಿಷಯ ತಿಳಿಸಬೇಕು.
• ಘಟನೆ ನಡೆದ ಕೂಡಲೇ ಬಡ್ತಿ, ಶೌರ್ಯ ಪ್ರಶಸ್ತಿ ನೀಡಬಾರದು.
• ಈ ಕ್ರಮ ಪಾಲನೆಯಾಗದಿದ್ದರೆ ಕುಟುಂಬದವರು ಸೆಷನ್ಸ್ ನ್ಯಾಯಾಧೀಶರಿಗೆ ದೂರು ಕೊಡಬಹುದು.

ಇಷ್ಟೆಲ್ಲ ಇದ್ದರೂ ಶಿಕ್ಷೆಯವರೆಗೆ ಹೋಗುವ ಪ್ರಕರಣ ವಿರಳ. ಗುಂಪು ಚದುರಿಸುವಾಗ ಮಾಡಿದ ಕೃತ್ಯಕ್ಕಾಗಿ ಪೊಲೀಸರ ಮೇಲೆ ಮೊಕದ್ದಮೆ ಹೂಡಲು ಸರಕಾರದ ಪೂರ್ವಾನುಮತಿ ಬೇಕು. ಆಯೋಗದ ವರದಿ ಶಿಫಾರಸು ಮಾತ್ರ, ತೀರ್ಪಲ್ಲ. ಆದುದರಿಂದಲೇ ಮೊದಲ ಕೆಲವು ದಿನಗಳಲ್ಲಿ ಸಿದ್ಧವಾಗುವ ದಾಖಲೆಗಳಿಗೆ ಅಷ್ಟೊಂದು ಮಹತ್ವ.

ಪೊಲೀಸರ ಕಷ್ಟವೂ ನಿಜ

ನಮ್ಮ ಧರ್ಮಕೇಂದ್ರಗಳಲ್ಲೂ ಪೊಲೀಸ್ ಇಲಾಖೆಯಲ್ಲಿ ದುಡಿಯುವವರ ಕುಟುಂಬಗಳಿವೆ. ರಜೆಯಿಲ್ಲದ ದುಡಿಮೆ, ಸಿಬ್ಬಂದಿ ಕೊರತೆ, ಎದುರಿಗೆ ಕಲ್ಲು ಹಿಡಿದ ಗುಂಪು, ಮೇಲಿನಿಂದ ಬರುವ ಒತ್ತಡ ಇವೆಲ್ಲದರ ನಡುವೆ ಕ್ಷಣಾರ್ಧದಲ್ಲಿ ತೀರ್ಮಾನ ತೆಗೆದುಕೊಳ್ಳಬೇಕಾದ ಪೇದೆಯ ಸ್ಥಿತಿ ಸುಲಭದ್ದಲ್ಲ. ಕಲ್ಲಿನಿಂದಲೂ ಪ್ರಾಣ ಹೋಗಬಹುದು. ಕೈಯಲ್ಲಿ ಬಂದೂಕಿಲ್ಲದವನಿಂದ ಅಪಾಯವೇ ಇಲ್ಲ ಎನ್ನುವಂತಿಲ್ಲ. ಇದನ್ನು ಕಾನೂನು ಒಪ್ಪುತ್ತದೆ. ಸ್ವತಂತ್ರ ತನಿಖೆಯಿಂದ ಪ್ರಾಮಾಣಿಕ ಪೊಲೀಸನಿಗೂ ರಕ್ಷಣೆ ಸಿಗುತ್ತದೆ. ಅನಿವಾರ್ಯವಾಗಿ ಗುಂಡು ಹಾರಿಸಿದವನ ಮೇಲಿನ ಸಂಶಯ ಕಳೆಯಲು ಅದಕ್ಕಿಂತ ಉತ್ತಮ ದಾರಿ ಇಲ್ಲ.

ಜನರ ಕೋಪದ ಹಿಂದೆಯೂ ಕಾರಣವಿದೆ. ನಮ್ಮ ನ್ಯಾಯಾಲಯಗಳಲ್ಲಿ ಪ್ರಕರಣಗಳು ವರ್ಷಗಟ್ಟಲೆ ಎಳೆಯುತ್ತವೆ. ಅದಕ್ಕೆ ಪರಿಹಾರ ತ್ವರಿತ ವಿಚಾರಣೆ, ಗಟ್ಟಿಯಾದ ತನಿಖೆ. ಪೊಲೀಸರೇ ತೀರ್ಪುಗಾರರಾದರೆ ತಪ್ಪು ವ್ಯಕ್ತಿ ಸತ್ತಾಗ ತಿದ್ದಿಕೊಳ್ಳಲು ದಾರಿಯಿರುವುದಿಲ್ಲ.

ಧರ್ಮಸಭೆಯ ಬೋಧನೆಯೂ ಇದಕ್ಕೆ ಹೊಂದುತ್ತದೆ. ಇತರರ ಪ್ರಾಣದ ಹೊಣೆ ಹೊತ್ತವರಿಗೆ ರಕ್ಷಣೆ ನೀಡುವುದು ಹಕ್ಕು ಮಾತ್ರವಲ್ಲ, ಗುರುತರ ಕರ್ತವ್ಯವೂ ಆಗಬಹುದು ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಆದರೆ ಅಗತ್ಯಕ್ಕಿಂತ ಹೆಚ್ಚಿನ ಬಲಪ್ರಯೋಗವನ್ನು ಅದು ಒಪ್ಪುವುದಿಲ್ಲ. 2018ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಮಾಡಿದ ತಿದ್ದುಪಡಿಯ ನಂತರ, ನ್ಯಾಯಾಲಯ ವಿಧಿಸುವ ಮರಣದಂಡನೆಯನ್ನೂ ಧರ್ಮಸಭೆ ಒಪ್ಪುವುದಿಲ್ಲ. ಹೀಗಿರುವಾಗ ವಿಚಾರಣೆಯೇ ಇಲ್ಲದ ಮರಣಕ್ಕೆ ನಾವು ಸಿಹಿ ಹಂಚುವುದು ಹೇಗೆ?

ನಾವು ಮಾಡಬಹುದಾದದ್ದು

ಇಂತಹ ಘಟನೆ ನಡೆದಾಗ ವಾರ್ಡಿನ ಗುರಿಕಾರರು, ಪಾಲನಾ ಮಂಡಳಿಯ ಸದಸ್ಯರು, ಯುವ ಸಂಘಟನೆಗಳವರು ಮಾಡಬಹುದಾದ ಕೆಲಸಗಳಿವೆ. ಸತ್ಯ ತಿಳಿಯುವ ಮುನ್ನ ಮೊಬೈಲಿನಲ್ಲಿ ಬಂದ ಸಂದೇಶಗಳನ್ನು ಇತರರಿಗೆ ಕಳುಹಿಸದಿರುವುದು ಮೊದಲನೆಯದು. ಮೃತರ ಕುಟುಂಬ ಯಾವುದೇ ಧರ್ಮದ್ದಾಗಿರಲಿ, ಎಫ್‌ಐಆರ್ ಮತ್ತು ಮರಣೋತ್ತರ ಪರೀಕ್ಷಾ ವರದಿಯ ಪ್ರತಿ ಪಡೆಯಲು ಅವರಿಗೆ ನೆರವಾಗಬಹುದು. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಡವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ಸೇವೆ ಲಭ್ಯವಿದೆ. ಮಾನವ ಹಕ್ಕುಗಳ ಆಯೋಗಕ್ಕೆ ಸಾಮಾನ್ಯ ಕಾಗದದಲ್ಲೇ ದೂರು ಬರೆಯಬಹುದು. ಆದರೆ ಘಟನೆ ನಡೆದು ಒಂದು ವರ್ಷದೊಳಗೆ ಕೊಡಬೇಕು ಎಂಬುದನ್ನು ಮರೆಯಬಾರದು.

ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯುವಾಗ ಸಾಕ್ಷಿ ಹೇಳಲು ಸಾರ್ವಜನಿಕರನ್ನು ಕರೆಯುವ ಪ್ರಕಟಣೆ ಸಾಮಾನ್ಯವಾಗಿ ಪತ್ರಿಕೆಗಳಲ್ಲಿ ಬರುತ್ತದೆ. ಕಣ್ಣಾರೆ ಕಂಡವರು ಭಯದಿಂದ ಮನೆಯಲ್ಲೇ ಕುಳಿತರೆ ವರದಿ ಒಂದೇ ಕಡೆಯ ಮಾತಾಗಿಬಿಡುತ್ತದೆ. ಅಂಥವರಿಗೆ ಧೈರ್ಯ ಹೇಳಿ, ಅಗತ್ಯವಿದ್ದರೆ ವಕೀಲರೊಬ್ಬರನ್ನು ಜೊತೆಮಾಡಿ ಕಳುಹಿಸಿಕೊಡುವುದು ಯಾವ ಧರ್ಮಕೇಂದ್ರಕ್ಕೂ ಅಸಾಧ್ಯವಾದ ಕೆಲಸವಲ್ಲ.