ಪಕ್ಕದ ಗೋಡೆ ಹಾಡುತ್ತದೆ, ಎರಡು ಮಿಲಿಸೆಕೆಂಡ್ ತಡವಾಗಿ!

ಒಂದು ಕನ್ನಡಿ ತನ್ನಿ, ಅಂಗೈ ಅಗಲದ್ದಾದರೂ ಸಾಕು. ದಿನಾ ಸಂಗೀತ ಕೇಳುವ ಕುರ್ಚಿಯಲ್ಲೇ ಕೂತುಕೊಳ್ಳಿ. ಮನೆಯಲ್ಲಿ ಯಾರಾದರೂ ಆ ಕನ್ನಡಿಯನ್ನು ಪಕ್ಕದ ಗೋಡೆಗೆ ಒತ್ತಿ ಹಿಡಿದು, ಸ್ಪೀಕರ್ ಕಡೆಯಿಂದ ನಿಮ್ಮ ಕಡೆಗೆ ಮೆಲ್ಲಗೆ ಸರಿಸುತ್ತಾ ಬರಲಿ. ಒಂದೆಡೆ ಹತ್ತಿರದ ಸ್ಪೀಕರ್ ಕನ್ನಡಿಯಲ್ಲಿ ಇಣುಕುತ್ತದೆ. ಪೆನ್ಸಿಲಿನಿಂದ ಗುರುತು ಹಾಕಿಸಿ. ಇನ್ನೆರಡು ಅಡಿ ಸರಿದರೆ, ಅರೆ, ಆಚೆ ಬದಿಯ ಸ್ಪೀಕರೂ ಹಾಜರು! ಅಲ್ಲೂ ಒಂದು ಗುರುತು ಬೀಳಲಿ. ಬೆಳಕು ಗೋಡೆಗೆ ಬಡಿದು ಕಣ್ಣಿಗೆ ಬಂದ ದಾರಿಯಲ್ಲೇ ಸದ್ದೂ ಕಿವಿಗೆ ಬರುತ್ತದೆ. ಎರಡು ಸ್ಪೀಕರ್ ಇಟ್ಟಿದ್ದೇವೆ ಎಂದುಕೊಂಡ ಕೋಣೆಯಲ್ಲಿ, ಪಕ್ಕದ ಗೋಡೆಗಳ ಮೊದಲ ಪ್ರತಿಫಲನಗಳನ್ನಷ್ಟೇ ಲೆಕ್ಕ ಹಿಡಿದರೂ, ಆರು ಹಾಡುತ್ತಿವೆ!

ಬೆಂಗಳೂರಿನ 20×30 ಸೈಟಿನ ಮನೆಯಲ್ಲಿ ಸಂಗೀತಕ್ಕೆಂದು ಸಿಗುವುದು ಇಕ್ಕಟ್ಟಿನದೊಂದು ಕೋಣೆ. ಅಗಲ 9 ಅಡಿ ಎನ್ನೋಣ. ಸ್ಪೀಕರ್‌ಗಳು ಗೋಡೆಯಿಂದ 2 ಅಡಿ ದೂರ, ಕುರ್ಚಿ ನಟ್ಟನಡುವೆ, ಸ್ಪೀಕರ್ ಸಾಲಿನಿಂದ 7 ಅಡಿ ಹಿಂದೆ. ನೇರ ಸದ್ದು ಸುಮಾರು 7.4 ಅಡಿ ಸಾಗಿ ಕಿವಿ ಮುಟ್ಟುತ್ತದೆ. ಹತ್ತಿರದ ಗೋಡೆಗೆ ಬಡಿದದ್ದು 9.5 ಅಡಿ ಸಾಗಿ ಬರುತ್ತದೆ. ಸೆಕೆಂಡಿಗೆ ಸುಮಾರು 343 ಮೀಟರ್ ಓಡುವ ಸದ್ದಿಗೆ ಈ ಎರಡಡಿ ಎಷ್ಟರ ಮಾತು? ಎರಡು ಮಿಲಿಸೆಕೆಂಡೂ ತುಂಬಿಲ್ಲ!

ಆ ಚಿಟಿಕೆ ತಡ ಮಾಡುವ ಕೆಲಸ ನೋಡಿ. ನೇರ ಅಲೆ ಏರುವಾಗ ತಡವಾದ ಅಲೆ ಇಳಿಯುತ್ತಿದ್ದರೆ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ನಮ್ಮ ಕೋಣೆಯಲ್ಲಿ ಅಂಥ ಮೊದಲ ತಗ್ಗು ಬೀಳುವುದು 265 ಹರ್ಟ್ಸ್ ಆಸುಪಾಸಿನಲ್ಲಿ. ಒಂದು ಮನೆ ಶ್ರುತಿಯಲ್ಲಿ ಹಾಡುವ ಗಾಯಕರ ತಾರಷಡ್ಜ 262 ಹರ್ಟ್ಸ್! ಹಾಡಿನ ಶಿಖರಕ್ಕೇ ಗೋಡೆ ಕೈ ಹಾಕುತ್ತಿದೆ. ಅಲ್ಲಿಂದ ಮೇಲೆ 800, 1,300 ಎಂದು ತಗ್ಗುಗಳ ಸಾಲೇ ಸಾಲು.

ಹಾಗಿದ್ದೂ ನಮಗೆ ಪ್ರತಿಧ್ವನಿ ಕೇಳುವುದಿಲ್ಲವಲ್ಲ, ಯಾಕೆ? ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಹೆಲ್ಮುಟ್ ಹಾಸ್ 1949ರಲ್ಲಿ ಪಿಎಚ್.ಡಿ.ಗೆಂದು ಅಧ್ಯಯನ ಮಾಡಿದ್ದು ಇದನ್ನೇ. ಮಾತಿನ ಬೆನ್ನಿಗೇ, ಸುಮಾರು 30 ಮಿಲಿಸೆಕೆಂಡಿನೊಳಗೆ ಬಂದ ಮರುಸದ್ದನ್ನು ಮಿದುಳು ಬೇರೆಯೆಂದು ಕೇಳಿಸುವುದೇ ಇಲ್ಲ. ಮೊದಲ ಸದ್ದಿನೊಳಗೇ ಬೆರೆಸಿಬಿಡುತ್ತದೆ. ಗೋಡೆಯ ಹಾಡು ಗೋಡೆಯದೆಂದು ಗೊತ್ತಾಗದು, ಗಾಯಕರ ಕಂಠವೇ ಬದಲಾದಂತೆ ಕೇಳುತ್ತದೆ.

ಹಾಗೆಂದು ಗೋಡೆಯನ್ನು ಬೈಯುವಂತೆಯೂ ಇಲ್ಲ. ವಿಯೆನ್ನಾದಲ್ಲಿ 1870ರಲ್ಲಿ ತೆರೆದ ಮ್ಯೂಸಿಕ್‌ಫೆರಾಯಿನ್ ಸಭಾಂಗಣವನ್ನು ಜಗತ್ತಿನ ಅತ್ಯುತ್ತಮ ಸಂಗೀತ ಸಭಾಂಗಣಗಳಲ್ಲಿ ಎಣಿಸುತ್ತಾರೆ. ಅದರ ಗುಟ್ಟುಗಳಲ್ಲೊಂದು ಕಿರಿದಾದ ಅಗಲ, ಬರೀ 19 ಮೀಟರ್! ಹೆರಾಲ್ಡ್ ಮಾರ್ಷಲ್, ಮೈಕೆಲ್ ಬ್ಯಾರನ್ ಮೊದಲಾದ ಧ್ವನಿತಜ್ಞರು 1960ರ ದಶಕದ ಕೊನೆಯಿಂದ ತೋರಿಸುತ್ತ ಬಂದದ್ದು ಇದನ್ನೇ: ಸಂಗೀತ ನಮ್ಮನ್ನು ಸುತ್ತುವರಿಯಿತು ಅನ್ನಿಸುವುದು ಪಕ್ಕದ ಗೋಡೆಗಳಿಂದ ಬಂದ ಸದ್ದಿನಿಂದ. ಆದರೆ ಅಲ್ಲಿ, ವೇದಿಕೆಯಿಂದ 20 ಮೀಟರ್ ದೂರ ಕೂತವರಿಗೆ, ಅದು 20 ಮಿಲಿಸೆಕೆಂಡಿಗೂ ಮೀರಿ ತಡವಾಗಿ ಬರುತ್ತದೆ. ಗೋಡೆ ಅದೇ, ಗಡಿಯಾರ ಬೇರೆ!

ಗೋಡೆಯ ಸದ್ದನ್ನು ಪಳಗಿಸುವ ದಾರಿಯಲ್ಲಿ ಇನ್ನೂ ದೊಡ್ಡ ಬೆರಗಿದೆ. 0ಯಿಂದ 6ರವರೆಗಿನ ಅಂಕೆಗಳನ್ನು ವರ್ಗ ಮಾಡಿ, 7ರಿಂದ ಭಾಗಿಸಿ, ಶೇಷ ಬರೆದುಕೊಳ್ಳಿ: 0, 1, 4, 2, 2, 4, 1. ಇಂಥ ವರ್ಗಶೇಷಗಳ ಬಗ್ಗೆ ಗಣಿತಜ್ಞ ಗಾಸ್ 1801ರಲ್ಲೇ ಬರೆದಿದ್ದ. 1970ರ ದಶಕದಲ್ಲಿ ಭೌತವಿಜ್ಞಾನಿ ಮಾನ್‌ಫ್ರೆಡ್ ಶ್ರೋಡರ್ ಇದೇ ಅನುಪಾತದ ಆಳದಲ್ಲಿ ಹಲಗೆಯಲ್ಲಿ ಕಾಲುವೆಗಳನ್ನು ತೋಡಿದರೆ ಸದ್ದು ಎಲ್ಲ ದಿಕ್ಕಿಗೂ ಹಂಚಿಹೋಗುತ್ತದೆ ಎಂದು ತೋರಿಸಿದ. ಸದ್ದು ಚದುರಿಸುವ ಡಿಫ್ಯೂಸರ್ ಹುಟ್ಟಿದ್ದು ಹೀಗೆ. ಗಾಸ್, ಹಾಸ್, ಶ್ರೋಡರ್ ಮೂವರೂ ಗಟಿಂಗೆನ್‌ನಲ್ಲಿ ಇದ್ದವರೇ!

ಅಂಥ ಹಲಗೆಯನ್ನೇ ತಂದು ಹಾಕೋಣವೇ? ತಡೆಯಿರಿ. ಚದುರಿದ ಸದ್ದು ಹದವಾಗಿ ಬೆರೆಯಲು ಕೇಳುವವರು ಮೂರು ಅಲೆಯುದ್ದದಷ್ಟಾದರೂ ದೂರ ಇರಬೇಕೆಂಬುದು ವಾಡಿಕೆಯ ಲೆಕ್ಕ. 1,000 ಹರ್ಟ್ಸ್‌ಗೆ ಅದು ಒಂದು ಮೀಟರ್, 500ಕ್ಕೆ ಎರಡು ಮೀಟರ್. ನಮ್ಮ ಕುರ್ಚಿಯಿಂದ ಗೋಡೆಗಿರುವುದು ನಾಲ್ಕೂವರೆ ಅಡಿ ಮಾತ್ರ.

ಹಾಗಾದರೆ ಒಂದಿಂಚಿನ ಫೋಮ್? ಇಲ್ಲಿದೆ ನೋಡಿ ಸೋಜಿಗ: ಗೋಡೆಗೆ ತೀರಾ ಅಂಟಿದ ಗಾಳಿ ಅಲುಗುವುದೇ ಇಲ್ಲ! ಗಾಳಿಯ ಕಣಗಳು ಹೆಚ್ಚು ಓಡಾಡುವುದು ಗೋಡೆಯಿಂದ ಕಾಲು ಅಲೆಯುದ್ದ ಈಚೆಗೆ. ಅಲ್ಲಿ ನಾರಿಗೆ ಉಜ್ಜಿಕೊಂಡಾಗಲೇ ಸದ್ದು ಶಾಖವಾಗಿ ಕರಗುವುದು. ಒಂದಿಂಚು ಎಂದರೆ 3,400 ಹರ್ಟ್ಸ್‌ನ ಕಾಲು ಅಲೆ. ತೆಳ್ಳನೆಯ ಫೋಮ್ ತಾಳದ ಕಿಣಿಕಿಣಿಯನ್ನು ನುಂಗಿ, ಷಡ್ಜದ ತಗ್ಗನ್ನು ಹಾಗೇ ಉಳಿಸುತ್ತದೆ. ಮೊಟ್ಟೆ ಟ್ರೇ ಅಂತೂ ಅಷ್ಟನ್ನೂ ಮಾಡದು.

ನಾಲ್ಕಿಂಚು ದಪ್ಪದ ರಾಕ್‌ವೂಲ್ (ಕಲ್ಲುನಾರು) ಸ್ಲ್ಯಾಬನ್ನು ಮರದ ಚೌಕಟ್ಟಿಗೆ ಸೇರಿಸಿ, ಊದಿದರೆ ಉಸಿರು ಆಚೆ ಹಾಯುವಂಥ ಹತ್ತಿಬಟ್ಟೆ ಹೊದಿಸಿ, ಆ ಹಲಗೆಯನ್ನು ಗೋಡೆಯಿಂದ ಎರಡಿಂಚು ಮುಂದಕ್ಕೆ ನಿಲ್ಲಿಸಿ. ಆ ಖಾಲಿ ಎರಡಿಂಚೂ ದುಡಿಯುತ್ತದೆ! ಮೊದಲ ಪೆನ್ಸಿಲ್ ಗುರುತು, ಸ್ಪೀಕರ್ ಸಾಲಿನಿಂದ ಎರಡಡಿ ಈಚೆಗಿರುವುದು, ಇದರ ಜಾಗ. ಎರಡನೆಯದು ನಾಲ್ಕಡಿ ಚಿಲ್ಲರೆಯಲ್ಲಿದೆ. ಅಲ್ಲಿಂದ ಬರುವ ಸದ್ದಿಗೆ 5 ಮಿಲಿಸೆಕೆಂಡಿಗೂ ಹೆಚ್ಚು ತಡ, ಬರುವುದೂ ಎದುರು ಬದಿಯಿಂದ. ಅಲ್ಲಿ ಗೋಡೆಯನ್ನು ಬೋಳಾಗಿ ಬಿಡಬಹುದು, ಪುಸ್ತಕದ ಕಪಾಟು ಇಡಬಹುದು. ಚಪ್ಪಾಳೆ ತಟ್ಟಿದಾಗ ಝುರ್ರೆಂದು ಮೊಳಗಿದರೆ ಮಾತ್ರ ಒಂದು ಬದಿಯಲ್ಲಿ ಇನ್ನೊಂದು ಹಲಗೆ ನಿಲ್ಲಿಸಿ. ಗೋಡೆಯಿಡೀ ಮುಚ್ಚಿದರೆ ಕೋಣೆಯ ಕಳೆಯೇ ಹೋಗುತ್ತದೆ.

ಕೆನಡಾದ ಧ್ವನಿತಜ್ಞ ಫ್ಲಾಯ್ಡ್ ಟೂಲ್ ದಶಕಗಳ ಕಾಲ ಕೇಳುಗರನ್ನು ಕೂರಿಸಿ ಪರೀಕ್ಷಿಸಿ ಕಂಡದ್ದು ಇನ್ನೊಂದು ತಿರುವು. ಸ್ಪೀಕರ್ ಪಕ್ಕಕ್ಕೂ ಒಳ್ಳೆಯ ಸದ್ದನ್ನೇ ಸೂಸುವಂಥದಾದರೆ, ಗೋಡೆಯ ಪಾಲು ಸ್ವಲ್ಪ ಉಳಿಯಲೆಂದೇ ಬಯಸುವ ಕೇಳುಗರು ಬಹಳ. ಆದ್ದರಿಂದ ಹಲಗೆಗಳನ್ನು ಗೋಡೆಗೆ ಬಿಗಿದುಬಿಡಬೇಡಿ, ಕೊಕ್ಕೆಗೆ ತೂಗುಹಾಕಿ. ಒಂದೇ ಹಾಡನ್ನು ಹಲಗೆ ಇಟ್ಟು ಕೇಳಿ, ತೆಗೆದು ಕೇಳಿ. ಅಂಗಡಿಯವರು ಹೇಳಲಾಗದ ಉತ್ತರವನ್ನು ನಿಮ್ಮ ಕಿವಿಯೇ ಹೇಳುತ್ತದೆ!