ಗೋಧಿ ವರ್ಜ್ಯವಾದ ಗಿರಾಕಿಯೂ ಊರಿನ ಹೋಟೆಲುಗಳೂ

ಉತ್ತರ ಭಾರತದ ಕುಟುಂಬವೊಂದು ಕುಕ್ಕೆ ಸುಬ್ರಹ್ಮಣ್ಯದ ದರ್ಶನಕ್ಕೆಂದು ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿದು, ಬೆಳಗಿನ ಉಪಾಹಾರಕ್ಕೆ ಹೋಟೆಲೊಂದನ್ನು ಪ್ರವೇಶಿಸಿತೆಂದು ಭಾವಿಸಬಹುದು. ಹತ್ತು ವರ್ಷದ ಮಗಳಿಗೆ ಸೀಲಿಯಾಕ್ ಕಾಯಿಲೆ. ತಂದೆಯು ಮಾಣಿಯನ್ನು ಕರೆದು, "ಇದರಲ್ಲಿ ಗೋಧಿ ಇದೆಯೇ?" ಎಂದು ವಿಚಾರಿಸುತ್ತಾನೆ. "ಇಲ್ಲ, ಇಡ್ಲಿ ಅಕ್ಕಿಯದು, ಸಾಂಬಾರು ಬೇಳೆಯದು" ಎಂಬ ಉತ್ತರ ಬರುತ್ತದೆ. ಉತ್ತರದಲ್ಲಿ ವಂಚನೆಯಿಲ್ಲ, ಉದಾಸೀನವೂ ಇಲ್ಲ. ಆದರೆ ಸಾಂಬಾರಿಗೆ ಹಾಕಿದ ಇಂಗಿನ ಪುಡಿಯಲ್ಲಿ ಮೈದಾ ಬೆರೆತಿರಬಹುದೆಂಬುದು ಕೇಳಿದವನಿಗೂ ಹೊಳೆಯಲಿಲ್ಲ, ಹೇಳಿದವನಿಗೂ ತಿಳಿದಿರಲಿಲ್ಲ. ಯಾತ್ರೆಯ ಉಳಿದ ದಿನಗಳನ್ನು ಮಗು ಹೊಟ್ಟೆನೋವಿನಲ್ಲಿ ಕಳೆಯುವ ಸಂಭವವಿದೆ.

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಅಡುಗೆಯು ಮೂಲತಃ ಅಕ್ಕಿ ಮತ್ತು ತೆಂಗಿನಕಾಯಿಯ ಅಡುಗೆ. ಇಂತಹ ರೋಗಿಗೆ ಇದಕ್ಕಿಂತ ಅನುಕೂಲವಾದ ಪ್ರದೇಶ ದೊರೆಯುವುದು ಕಷ್ಟ. ಹಾಗಿದ್ದೂ ತೊಂದರೆಯಾಗುವುದು ಕಣ್ಣಿಗೆ ಕಾಣದ ಹಿಟ್ಟಿನಿಂದ ಮತ್ತು ಸದುದ್ದೇಶದಿಂದಲೇ ಹೇಳಿದ "ಇಲ್ಲ" ಎಂಬ ಮಾತಿನಿಂದ. ಈ ಎರಡರ ಸ್ವರೂಪವನ್ನು ಹೋಟೆಲು ಮಾಲಕರೂ ದಿನಸಿ ವ್ಯಾಪಾರಿಗಳೂ ತಿಳಿದುಕೊಳ್ಳುವುದು ಅವಶ್ಯ.

ಕಾಯಿಲೆಯ ಸ್ವರೂಪ

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಸೀಲಿಯಾಕ್ ರೋಗಿಯ ದೇಹವನ್ನು ಪ್ರವೇಶಿಸಿದಾಗ, ಆತನ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಗೆಡಹುತ್ತದೆ. ಪರಿಣಾಮವಾಗಿ ಆಹಾರದ ಸತ್ವವು ದೇಹಗತವಾಗುವುದಿಲ್ಲ. ಅತಿಸಾರ, ರಕ್ತಹೀನತೆ, ಮೂಳೆಗಳ ದೌರ್ಬಲ್ಯ, ಮಕ್ಕಳಲ್ಲಿ ಬೆಳವಣಿಗೆಯ ಕುಂಠಿತ ಇತ್ಯಾದಿ ಲಕ್ಷಣಗಳು ತೋರಬಹುದು. ಕೆಲವರಲ್ಲಿ ಹೊರಗೆ ಯಾವ ಲಕ್ಷಣವೂ ಕಾಣದೆ ಒಳಗೆ ಹಾನಿ ಮುಂದುವರಿಯುವುದುಂಟು. ಆಜೀವ ಪರ್ಯಂತ ಗ್ಲುಟೆನ್ ವರ್ಜಿಸುವುದೇ ಇದಕ್ಕಿರುವ ಚಿಕಿತ್ಸೆ.

ಕಾಯಿಲೆಗೂ ಗೋಧಿಗೂ ಇರುವ ಸಂಬಂಧವನ್ನು ಗುರುತಿಸಿದವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. 1944-45ರ ಚಳಿಗಾಲದ ಕ್ಷಾಮದಲ್ಲಿ ಬ್ರೆಡ್ಡು ದುರ್ಲಭವಾದಾಗ ಈ ಮಕ್ಕಳು ಚೇತರಿಸಿಕೊಂಡುದು ಅವರ ಅಭಿಪ್ರಾಯಕ್ಕೆ ಪುಷ್ಟಿ ನೀಡಿತು. 1950ರಲ್ಲಿ ಅವರು ಈ ಕುರಿತು ಪ್ರಬಂಧ ಮಂಡಿಸಿದರು.

ಭಾರತದಲ್ಲಿ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಲಾದ ಅಧ್ಯಯನದ ಪ್ರಕಾರ, ಕಾಯಿಲೆಯನ್ನು ಸೂಚಿಸುವ ಪ್ರತಿಕಾಯಗಳು ರಕ್ತದಲ್ಲಿ ಕಂಡುಬಂದವರ ಪ್ರಮಾಣವು ಉತ್ತರ ಭಾರತದಲ್ಲಿ ಶೇ. 1.23, ಈಶಾನ್ಯದಲ್ಲಿ ಶೇ. 0.87 ಮತ್ತು ದಕ್ಷಿಣದಲ್ಲಿ ಶೇ. 0.10. ಅಂದರೆ ಉತ್ತರದಲ್ಲಿ ಸಾವಿರಕ್ಕೆ ಸುಮಾರು ಹನ್ನೆರಡು ಮಂದಿ, ದಕ್ಷಿಣದಲ್ಲಿ ಒಬ್ಬರು. ಈ ಭಾಗದ ಹೋಟೆಲಿನವರು ಕಾಯಿಲೆಯ ಹೆಸರನ್ನೇ ಕೇಳದಿರುವುದಕ್ಕೆ ಕಾರಣ ಇದುವೇ. ಆದರೆ ಕ್ಷೇತ್ರಕ್ಕೆ ಬರುವ ಯಾತ್ರಿಕರು ದಕ್ಷಿಣದವರು ಮಾತ್ರವಲ್ಲ.

ಎಷ್ಟು ಹಿಟ್ಟು ಹಾನಿಕರ?

"ಸ್ವಲ್ಪ ತಿಂದರೆ ಏನಾಗುತ್ತದೆ?" ಎಂಬುದು ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ. ದಿನವೊಂದಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೆಲವು ತಿಂಗಳ ಕಾಲ ಸೇವಿಸಿದರೂ ಕರುಳಿಗೆ ಹಾನಿಯಾಗಬಹುದೆಂದು ಸಂಶೋಧನೆಗಳು ತೋರಿಸಿವೆ. ಮೈದಾದ ತೂಕದಲ್ಲಿ ಸ್ಥೂಲವಾಗಿ ಹತ್ತನೇ ಒಂದು ಪಾಲು ಗ್ಲುಟೆನ್ ಎಂದು ಹಿಡಿದರೆ, 50 ಮಿಲಿಗ್ರಾಂ ಎಂದರೆ ಅರ್ಧ ಗ್ರಾಂ ಮೈದಾ, ಅರ್ಥಾತ್ ಒಂದು ಚಿಟಿಕೆ. ಪರೋಟ ಲಟ್ಟಿಸಿದ ಕೈಗೆ ಅಂಟಿದ ಹಿಟ್ಟು ಅದಕ್ಕಿಂತ ಹೆಚ್ಚಿರಬಹುದು. ಬೇಯಿಸುವುದರಿಂದಾಗಲಿ ಕರಿಯುವುದರಿಂದಾಗಲಿ ಗ್ಲುಟೆನ್ ನಾಶವಾಗುವುದಿಲ್ಲ.

ಊರಿನ ಅಡುಗೆಯ ಅನುಕೂಲ

ಕುಚ್ಚಲಕ್ಕಿಯ ಗಂಜಿ, ಬೆಳ್ತಿಗೆ ಅನ್ನ, ನೀರುದೋಸೆ, ಪುಂಡಿ, ಒತ್ತು ಶ್ಯಾವಿಗೆ, ಪತ್ರೊಡೆ, ಕೋರಿರೊಟ್ಟಿಯ ರೊಟ್ಟಿ, ಇವು ಯಾವುವಕ್ಕೂ ಸಾಂಪ್ರದಾಯಿಕ ಕ್ರಮದಲ್ಲಿ ಗೋಧಿ ಬೇಡ. ಹಲಸಿನ ಎಲೆಯ ಕೊಟ್ಟೆಯಲ್ಲಿಯೂ ಮೂಡೆಯಲ್ಲಿಯೂ ಬೇಯಿಸಿದ ಕಡುಬು ಇನ್ನೂ ಒಂದು ಹೆಜ್ಜೆ ಮುಂದೆ. ಹಿಟ್ಟನ್ನು ಹೋಟೆಲಿನ ಗ್ರೈಂಡರಿನಲ್ಲಿಯೇ ಅರೆಯಲಾಗುತ್ತದೆ, ಪ್ರತಿಯೊಂದು ಕಡುಬಿಗೂ ತನ್ನದೇ ಆದ ಎಲೆಯ ಪಾತ್ರೆಯಿರುತ್ತದೆ. ಅದನ್ನು ಗಿರಾಕಿಯ ಮುಂದೆಯೇ ಬಿಚ್ಚುವುದರಿಂದ ಬೇರೆ ಹಿಟ್ಟಿನ ಸೋಂಕಿಗೆ ಅವಕಾಶ ಅತ್ಯಲ್ಪ. ಎಳನೀರು, ಬಾಳೆಹಣ್ಣು, ಮಸಾಲೆ ಹಚ್ಚದ ಗೇರುಬೀಜ ಮುಂತಾದುವು ಎಲ್ಲ ಪೇಟೆಗಳಲ್ಲಿಯೂ ಲಭ್ಯ.

ಗೋಧಿ ಅಡಗಿರುವ ಸ್ಥಳಗಳು

ಮೊದಲನೆಯದಾಗಿ ಹೆಸರಿನ ಗೊಂದಲ. ಮೈದಾ, ಸಜ್ಜಿಗೆ ರವೆ, ಚಿರೋಟಿ ರವೆ ಇವೆಲ್ಲ ಗೋಧಿಯೇ ಆಗಿದ್ದರೂ ಆಡುಮಾತಿನಲ್ಲಿ "ಗೋಧಿ" ಎಂದರೆ ಚಪಾತಿಯ ಹಿಟ್ಟು ಮಾತ್ರ. ಬನ್ಸು, ಗೋಳಿಬಜೆ, ಬಿಸ್ಕುಟ್ ರೊಟ್ಟಿ ಮೈದಾದಿಂದಾಗುತ್ತವೆ. ಸಜ್ಜಿಗೆ, ರವಾ ಇಡ್ಲಿ, ರವಾ ದೋಸೆ, ಮೀನಿನ ರವಾ ಫ್ರೈ ರವೆಯಿಂದಾಗುತ್ತವೆ. ಇಡ್ಲಿ ರವೆ ಮಾತ್ರ ಅಕ್ಕಿಯದು. ದೋಸೆ ಗರಿಗರಿಯಾಗಲೆಂದು ಹಿಟ್ಟಿಗೆ ಚಿರೋಟಿ ರವೆ ಸೇರಿಸುವ ಪದ್ಧತಿಯೂ ಕೆಲವೆಡೆ ಇದೆ. ಪಾಯಸದ ಶ್ಯಾವಿಗೆ ಸಾಮಾನ್ಯವಾಗಿ ಗೋಧಿಯದು.

ಎರಡನೆಯದು ಇಂಗು. ಅಂಗಡಿಯಲ್ಲಿ ದೊರೆಯುವ ಪುಡಿ ಇಂಗು ಶುದ್ಧ ಇಂಗಲ್ಲ. ಅಂಟು, ಪಿಷ್ಟ ಅಥವಾ ಧಾನ್ಯದ ಹಿಟ್ಟಿನೊಡನೆ ಬೆರೆಸಿದ ಮಿಶ್ರಣ. ಆ ಹಿಟ್ಟು ಮೈದಾ ಆಗಿರುವುದು ಬಹಳ ಸಾಮಾನ್ಯ. ಅಕ್ಕಿ ಹಿಟ್ಟು ಬಳಸಿದ ತಯಾರಿಕೆಗಳೂ ಇವೆ. ಡಬ್ಬಿಯ ಮೇಲಿನ ಘಟಕಗಳ ಪಟ್ಟಿಯನ್ನು ಓದದೆ ಇದನ್ನು ತಿಳಿಯಲಾಗದು. ಸಾರು, ಸಾಂಬಾರು, ಉಪ್ಪಿನಕಾಯಿ, ಒಗ್ಗರಣೆ ಮಜ್ಜಿಗೆ, ಉದ್ದಿನ ಹಪ್ಪಳ ಇವುಗಳಲ್ಲೆಲ್ಲ ಇಂಗು ಇರಬಹುದು.

ಮೂರನೆಯದು ಎಣ್ಣೆಯ ಬಾಣಲೆ ಮತ್ತು ಕಾವಲಿ. ಕಡಲೆ ಹಿಟ್ಟಿನ ಪೋಡಿಯಲ್ಲಿ ಗೋಧಿಯಿಲ್ಲ. ಆದರೆ ಗೋಳಿಬಜೆ ಕರಿದ ಎಣ್ಣೆಯಲ್ಲಿ ಅದನ್ನು ಕರಿದರೆ ಗೋಧಿ ಬಂದು ಸೇರುತ್ತದೆ. ಪರೋಟ ಬೇಯಿಸಿದ ಕಾವಲಿಯ ಮೇಲೆ ಹೊಯ್ದ ನೀರುದೋಸೆಗೂ ಅದೇ ಗತಿ.

ನಾಲ್ಕನೆಯದು ಹಿಟ್ಟಿನ ಗಿರಣಿ. ಗೋಧಿ ಬೀಸಿದ ಯಂತ್ರದಲ್ಲಿಯೇ ಅಕ್ಕಿ ಬೀಸಿದರೆ ಅಕ್ಕಿ ಹಿಟ್ಟು ಶುದ್ಧವಾಗಿ ಉಳಿಯದು. ಐದನೆಯದಾಗಿ ಸೋಯಾ ಸಾಸ್ ಮತ್ತು ಬಾರ್ಲಿಯ ಮಾಲ್ಟ್ ಸೇರಿದ ಪೇಯಗಳು. ಗೋಬಿ ಮಂಚೂರಿಯಲ್ಲಿ ಮೈದಾ ಮತ್ತು ಸಾಸ್ ಎರಡೂ ಇರುವುದು ವಾಡಿಕೆ.

ಪ್ರವಾಸಿಯು ಕೇಳಬೇಕಾದ ಕ್ರಮ

"ಗ್ಲುಟೆನ್ ಇದೆಯೇ?" ಎಂಬ ಪ್ರಶ್ನೆಯಿಂದ ಪ್ರಯೋಜನವಿಲ್ಲ. "ಗೋಧಿ ಇದೆಯೇ?" ಎಂಬುದೂ ಅಪೂರ್ಣ. ಮೈದಾ ಇದೆಯೇ, ರವೆ ಯಾವುದು, ಇಂಗು ಹಾಕಿದೆಯೇ, ಕಾವಲಿ ಬೇರೆಯೇ, ಎಣ್ಣೆ ಬೇರೆಯೇ ಎಂದು ಒಂದೊಂದಾಗಿ ಕೇಳತಕ್ಕದ್ದು. ಸಾಧ್ಯವಾದಷ್ಟು ಮಟ್ಟಿಗೆ ಮಾಣಿಯ ಬದಲು ಅಡುಗೆ ಭಟ್ಟರಲ್ಲಿಯೇ ವಿಚಾರಿಸುವುದು ಲೇಸು. ಭಾಷೆ ಬಾರದವರು ಕೆಳಗಿನ ಒಕ್ಕಣೆಯ ಚೀಟಿಯನ್ನು ಜತೆಗಿರಿಸಿಕೊಳ್ಳಬಹುದು:

"ಕಾಯಿಲೆಯ ಕಾರಣ ಇವರು ಗೋಧಿ, ಮೈದಾ, ಗೋಧಿ ರವೆ, ಬಾರ್ಲಿ ಇವುಗಳನ್ನು ಚಿಟಿಕೆಯಷ್ಟೂ ತಿನ್ನುವಂತಿಲ್ಲ. ಪುಡಿ ಇಂಗು ಮತ್ತು ಸೋಯಾ ಸಾಸ್ ಕೂಡ ಬೇಡ. ತೊಳೆದ ಪಾತ್ರೆ, ಬೇರೆ ಸೌಟು ಬಳಸಿರಿ. ಸಂಶಯವಿದ್ದರೆ ದಯವಿಟ್ಟು ಕೊಡಬೇಡಿ."

ಬೆಳಗ್ಗೆ ಬೇಗನೆ ಹೋಗುವುದು ಉತ್ತಮ. ಆಗ ಪಾತ್ರೆಗಳು ಶುಚಿಯಾಗಿರುತ್ತವೆ, ಭಟ್ಟರಿಗೂ ಮಾತನಾಡಲು ವ್ಯವಧಾನವಿರುತ್ತದೆ. ಕೊಟ್ಟೆ ಕಡುಬು ಅಥವಾ ಇಡ್ಲಿ, ಅದರೊಡನೆ ಒಗ್ಗರಣೆಯಿಲ್ಲದ ಕಾಯಿಚಟ್ನಿ. ಮಧ್ಯಾಹ್ನಕ್ಕೆ ಅನ್ನ, ಮೊಸರು, ಇಂಗಿಲ್ಲದ ಪಲ್ಯ. ಇಷ್ಟರಲ್ಲಿ ದಿನ ಸಾಗುತ್ತದೆ. ಎಪ್ರಿಲ್ ತಿಂಗಳ ಪುತ್ತೂರು ಜಾತ್ರೆ, ಸುಬ್ರಹ್ಮಣ್ಯದ ಚಂಪಾಷಷ್ಠಿ ಮುಂತಾದ ಜನಸಂದಣಿಯ ದಿನಗಳಲ್ಲಿ ಹೋಟೆಲಿನವರಿಗೆ ಪ್ರತ್ಯೇಕ ಗಮನ ಕೊಡಲು ಅಸಾಧ್ಯವಾದುದರಿಂದ ಕೈಬುತ್ತಿಯೇ ಕ್ಷೇಮ. ಮಾಣಿ, ಪುತ್ತೂರು, ಸುಳ್ಯ ಮಾರ್ಗವಾಗಿ ಮಡಿಕೇರಿಯತ್ತ ಹೋಗುವವರು ಸಂಪಾಜೆ ಘಾಟಿ ಏರುವ ಮೊದಲೇ ಅವಲಕ್ಕಿ, ಬಾಳೆಹಣ್ಣು, ಗೇರುಬೀಜ ಕಟ್ಟಿಕೊಳ್ಳುವುದು ವಿವೇಕ.

ಹೋಟೆಲು ಮಾಲಕರ ಲೆಕ್ಕಾಚಾರ

ಇದಕ್ಕೆ ತಗಲುವ ಬಂಡವಾಳ ಅಲ್ಪ: ಒಂದು ಪ್ರತ್ಯೇಕ ಕಾವಲಿ, ಒಂದು ಸಣ್ಣ ಬಾಣಲೆ, ಗುರುತು ಹಾಕಿದ ಎರಡು ಸೌಟು ಮತ್ತು ಒಂದು ಮುಚ್ಚಳದ ಡಬ್ಬಿ. ಸಾಮಾನ್ಯ ಹೋಟೆಲುಗಳು ಶೇ. 5ರ ಜಿಎಸ್‌ಟಿ ದರದಲ್ಲಿ, ಹೂಡುವಳಿ ತೆರಿಗೆಯ ಜಮೆ ಇಲ್ಲದೆ ವ್ಯವಹರಿಸುವುದರಿಂದ, ಈ ಸಾಮಗ್ರಿಗಳ ಮೇಲೆ ತೆತ್ತ ತೆರಿಗೆಯು ಖರ್ಚಿಗೇ ಸೇರುತ್ತದೆ. ಹಾಗೆ ಸೇರಿಸಿದರೂ ಮೊತ್ತ ಭಾರವಾಗದು. ಮೈದಾ ರಹಿತ ಇಂಗನ್ನು ಇಡೀ ಅಡುಗೆಮನೆಗೇ ಬಳಸಿದರೆ ಅತಿ ದೊಡ್ಡ ಸಂಶಯವೊಂದು ಒಂದೇ ಏಟಿಗೆ ನಿವಾರಣೆಯಾಗುತ್ತದೆ. ನಿಜವಾದ ವೆಚ್ಚವಿರುವುದು ಶಿಸ್ತಿನಲ್ಲಿ. ಗುರುತಿನ ಸೌಟನ್ನು ಅವಸರದಲ್ಲಿ ಬೇರೆ ಪಾತ್ರೆಗೆ ಅದ್ದಿದರೆ ಮಾಡಿದ ಖರ್ಚೆಲ್ಲ ವ್ಯರ್ಥ.

ದಿನಸಿ ವ್ಯಾಪಾರಿಗಳಿಗೂ ಇಲ್ಲಿ ಅವಕಾಶವಿದೆ. ಪುತ್ತೂರಿನಿಂದ 1988ರಿಂದ ಪ್ರಕಟವಾಗುತ್ತಿರುವ "ಅಡಿಕೆ ಪತ್ರಿಕೆ"ಯು ಹಲಸಿನ ಮೌಲ್ಯವರ್ಧನೆಗೆ ನೀಡಿದ ಪ್ರಚಾರ ಸುಪರಿಚಿತ. 2021ರಲ್ಲಿ ಅದೇ ಪತ್ರಿಕೆಯ ಬೆಂಬಲದಿಂದ "ಬಾಕಾಹು", ಅಂದರೆ ಬಾಳೆಕಾಯಿ ಹುಡಿ, ಮನೆಮಾತಾಯಿತು. ಇವೆರಡೂ ಸ್ವಭಾವತಃ ಗ್ಲುಟೆನ್ ರಹಿತ. ಆದರೆ ಗೋಧಿ ಬೀಸುವ ಗಿರಣಿಗೆ ಕೊಟ್ಟ ಕ್ಷಣವೇ ಆ ಗುಣ ನಷ್ಟವಾಗುತ್ತದೆಂಬುದನ್ನು ತಯಾರಕರು ಮರೆಯಬಾರದು.

ಕಾನೂನಿನ ದೃಷ್ಟಿ

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮಗಳ ಪ್ರಕಾರ "ಗ್ಲುಟೆನ್ ರಹಿತ" ಎನಿಸಿಕೊಳ್ಳಲು ಪದಾರ್ಥದಲ್ಲಿ ಗ್ಲುಟೆನ್ ಪ್ರಮಾಣ ಕಿಲೋಗ್ರಾಮಿಗೆ 20 ಮಿಲಿಗ್ರಾಂ ಮೀರಕೂಡದು. 2020ರ ಲೇಬಲಿಂಗ್ ನಿಯಮಾವಳಿಯು ಪೊಟ್ಟಣದ ಮೇಲೆ ಗ್ಲುಟೆನ್ ಇರುವ ಧಾನ್ಯಗಳ ಉಲ್ಲೇಖವನ್ನು ಕಡ್ಡಾಯಗೊಳಿಸಿದೆ. ಕೇಂದ್ರ ಪರವಾನಿಗೆ ಹೊಂದಿದ ಅಥವಾ ಹತ್ತು ಇಲ್ಲವೆ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಅಲರ್ಜಿಕಾರಕಗಳ ಮಾಹಿತಿಯನ್ನೂ ಗಿರಾಕಿಗೆ ಒದಗಿಸಬೇಕು. ಒಂದೇ ಶಾಖೆಯ ಸಣ್ಣ ಹೋಟೆಲಿಗೆ ಈ ಕೊನೆಯ ಹೊಣೆ ಅನ್ವಯಿಸದಿದ್ದರೂ, ಪರೀಕ್ಷೆಯಿಲ್ಲದೆ "ಗ್ಲುಟೆನ್ ರಹಿತ" ಎಂಬ ಫಲಕ ತೂಗುಹಾಕುವುದು ಅಪಾಯಕರ. 2006ರ ಆಹಾರ ಸುರಕ್ಷತಾ ಕಾಯಿದೆಯ 53ನೇ ಕಲಮಿನಂತೆ ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಗಳ ವರೆಗೆ ದಂಡವಿದೆ. "ಈ ತಿಂಡಿಗೆ ಗೋಧಿ ಬಳಸಿಲ್ಲ; ಅಡುಗೆಮನೆಯಲ್ಲಿ ಗೋಧಿಯ ಬಳಕೆಯಿದೆ" ಎಂಬ ಸರಳ ಬರಹವು ಸತ್ಯವೂ ಹೌದು, ಸುರಕ್ಷಿತವೂ ಹೌದು.

ಉಪಸಂಹಾರ

ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬುದು ವ್ಯಾಪಾರದ ಹಳೆಯ ನೀತಿ. ಈ ಒಂದು ಪ್ರಸಂಗದಲ್ಲಿ ಅದಕ್ಕೆ ವಿನಾಯಿತಿಯಿದೆ. ಸಾಂಬಾರಿನ ಇಂಗಿನ ಬಗ್ಗೆ ಖಾತ್ರಿಯಿಲ್ಲದ ಮಾಣಿಯು "ಗೊತ್ತಿಲ್ಲ, ಒಳಗೆ ಕೇಳಿ ಬರುತ್ತೇನೆ" ಎಂದರೆ ಸಾಕು. ಒಳಗಿನಿಂದ "ಸಾಂಬಾರು ಬೇಡ, ಕಡುಬು ಮತ್ತು ಕಾಯಿಚಟ್ನಿ ಕೊಡು" ಎಂಬ ಉತ್ತರ ಬಂದರೆ, ನೆಟ್ಟಣದಲ್ಲಿ ಇಳಿದ ಆ ಮಗುವಿಗೆ ಉಪಾಹಾರವೂ ಆಯಿತು, ದೇವರ ದರ್ಶನವೂ ನಿರ್ವಿಘ್ನವಾಗಿ ನೆರವೇರಿತು. ಮುಂದಿನ ವರ್ಷ ಅದೇ ಕುಟುಂಬ ಬಂದಾಗ ಯಾವ ಹೋಟೆಲಿಗೆ ಹೋಗುವುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.